ಅರ್ಧ ಕಾರು, ಎರಡು ದೀಪ

"ಹಾಗಲ್ಲ ಅಣ್ಣಾ, ನಾನು ಹಾಗೆ ಮಾತಾಡಲ್ಲ." ಆಯಮ್ಮ ನೆಲ ಒರೆಸುವ ಕೋಲನ್ನು ಬಕೆಟ್ಟಿಗೆ ಒರಗಿಸಿ ಸೊಂಟದ ಮೇಲೆ ಕೈಯಿಟ್ಟಳು. "ಅಷ್ಟು ಮೂಗಲ್ಲಿ ಮಾತಾಡಿದ್ದಿದ್ರೆ ನನ್ನ ಗಂಡ ಯಾವಾಗಲೋ ಓಡಿಹೋಗ್ತಿದ್ದ."

ಅವಳ ದನಿಯ ಅನುಕರಣೆಯನ್ನು ನೆಗ್ಗಣ್ಣ ಬೇಕೆಂದೇ ಕೆಡಿಸಿದ್ದ. ಸಾಕ್ಷಿಗಳನ್ನು ಪ್ರಶ್ನೆ ಕೇಳಿದರೆ ಪೊಲೀಸರಿಗೆ ಕೊಟ್ಟ ಉತ್ತರವನ್ನೇ ಬಿಸಿ ಮಾಡಿ ಮತ್ತೆ ಬಡಿಸುತ್ತಾರೆ. ಅದರ ಬದಲು ಅವರ ದನಿಯಲ್ಲೇ ಅವರ ಹೇಳಿಕೆಯನ್ನು ತಪ್ಪುತಪ್ಪಾಗಿ ಒಪ್ಪಿಸಿದರೆ, ತಿದ್ದುವ ಚಪಲಕ್ಕೆ ಬಿದ್ದು ಹೇಳದೆ ಉಳಿಸಿಕೊಂಡದ್ದನ್ನೂ ಹೊರಹಾಕುತ್ತಾರೆ. ಇಪ್ಪತ್ತೆರಡು ವರ್ಷ ವಿಮೆ ಕಂಪನಿಯ ಪರವಾಗಿ ಅಪಘಾತದ ಕಾರುಗಳನ್ನು ಪರೀಕ್ಷಿಸಿ, ನೆಗ್ಗು ಎಷ್ಟು, ಸುಳ್ಳು ಎಷ್ಟು ಎಂದು ಬರೆದುಕೊಟ್ಟವನು ಅವನು. ಹೆಸರೂ ಹಾಗೇ ಅಂಟಿಕೊಂಡಿತ್ತು.

"ಹಾಗಾದ್ರೆ ನೀವೇ ಹೇಳಿ, ಆಯಮ್ಮ."

"ಒಂದೂಕಾಲಿಗೆ ಬಾಗಿಲ ಗುಂಡುಗಾಜಲ್ಲಿ ಇಣುಕಿದೆ. ಒಳಗೆ ಯಾರೂ ಇಲ್ದಿದ್ರೆ ಬೇಗ ಒರೆಸಿ ಊಟಕ್ಕೆ ಹೋಗೋಣ ಅಂತ. ನೋಡಿದ್ರೆ ಕಾರಿನ ಆಚೆ ಕಡೆ ಒಬ್ರು ನಿಂತಿದ್ರು. ಕೆಲಸದ ಹೊತ್ತಲ್ಲಿ ಇಲ್ಲಿ ಎಲ್ಲರೂ ಹಾಕೋ ಹಾಗೆ ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಮೈಗೆ ಏಪ್ರನ್ನು. ಎಡಗೈಲಿ ಆ ಹಲ್ಲಿನ ಕತ್ತಿ ಎತ್ತಿ ಹಿಡಿದಿದ್ರು. ಮಣ್ಣು ಹೆರೀತಿದಾರೆ, ನನಗ್ಯಾಕೆ ಅಂತ ವಾಪಸ್ ಹೋದೆ. ಗೆರೆರಾಯರು ಅಲ್ಲೇ ಇದ್ರು ಅಂತ ನನಗೇನು ಗೊತ್ತು?"

"ಕಾರು?"

"ಕಾರು ಕಾರಿನ ಪಾಡಿಗಿತ್ತು. ಎರಡು ಕಣ್ಣೂ ಕೆಕ್ಕರಿಸಿಕೊಂಡು ನನ್ನೇ ನೋಡ್ತಿತ್ತು, ನಮ್ಮತ್ತೆ ತರಹ."

ಪೊಲೀಸರಿಗೆ ಆ ಎಡಗೈಯೊಂದೇ ಸಾಕಾಗಿತ್ತು. ಕಾರು ವಿನ್ಯಾಸದ ಈ ಸ್ಟುಡಿಯೋದ ಮುಖ್ಯಸ್ಥ ಗೆರೆರಾಯ ಭುಜದ ಮೇಲೆ ಐದು ಹಲ್ಲಿನ ಗೀರು ಹೊತ್ತು, ಉಕ್ಕಿನ ಪೀಠದ ಮೂಲೆಗೆ ತಲೆ ಒಡೆದುಕೊಂಡು ಸತ್ತು ಇಂದಿಗೆ ಒಂಬತ್ತು ದಿನ; ಇಡೀ ಸ್ಟುಡಿಯೋದ ಏಕೈಕ ಎಡಚ, ಮಣ್ಣಿನ ಮಾದರಿ ಮಾಡುವವನು, ನೆಗ್ಗಣ್ಣನ ಸ್ವಂತ ಅಕ್ಕನ ಗಂಡ, ಲಾಕಪ್ಪು ಸೇರಿಯೂ ಒಂಬತ್ತು ದಿನ.

ನಾಳೆ ಹತ್ತೂವರೆಗೆ ಕೋರ್ಟು. ಗೆರೆರಾಯ ಬದುಕೆಲ್ಲ ಕಾರು ಬಿಡಿಸಿದ. ನೆಗ್ಗಣ್ಣ ಒಬ್ಬ ಭಾವನನ್ನು ಬಿಡಿಸಬೇಕಾಗಿತ್ತು, ಆಗಿರಲಿಲ್ಲ. ನಿನ್ನೆ ಕಂಬಿಯ ಆಚೆಯಿಂದ ಭಾವ ಹೇಳಿದ್ದು ಎರಡೇ ಪದ: "ಬಿಟ್ಟುಬಿಡೋ, ಸಾಕು."

ನೆಗ್ಗಣ್ಣ ತಿರುಗಿ ಕಾರನ್ನು ನೋಡಿದ.

ಪೀಠದ ಮೇಲೆ 'ನಾಳೆ' ನಿಂತಿತ್ತು. ಅದೇ ಅದರ ಹೆಸರು. ಇಪ್ಪತ್ತು ವರ್ಷದಾಚೆ ಕಾರು ಹೇಗಿರಬಹುದೆಂದು ಮೇಳದಲ್ಲಿ ಜನರಿಗೆ ತೋರಿಸಲು ಮಾಡುವ ಕಾರು. ಓಡಿಸಲು ಅಲ್ಲ, ಬಾಯಿ ಬಿಡಿಸಲು. ಸ್ಟೀರಿಂಗ್ ಇಲ್ಲ. ಡ್ರೈವರ್ ಸೀಟಿಲ್ಲ. ನಾಲ್ಕು ಸೀಟುಗಳು ಎದುರುಬದುರು, ಯಾರೂ ದಾರಿ ನೋಡಬೇಕಾಗಿಲ್ಲ. ಅಕ್ಕನ ಸಂಸಾರವೂ ಈಗ ಹಾಗೇ ಓಡುತ್ತಿದೆ ಎಂದೊಂದು ಚಟಾಕಿ ನೆಗ್ಗಣ್ಣನ ನಾಲಿಗೆಯ ತುದಿಗೆ ಬಂದು, ಅಲ್ಲೇ ಕಹಿಯಾಯಿತು.

ಇಲ್ಲಿಯವರು ಕಾರನ್ನು ಮೊದಲು ಮಣ್ಣಿನಲ್ಲಿ ಮಾಡುತ್ತಾರೆ. ಒಲೆಯಲ್ಲಿ ಬೆಚ್ಚಗಾದ, ಮೇಣದ ವಾಸನೆಯ ಕಂದು ಮಣ್ಣನ್ನು ಮೆತ್ತಿ, ಹಲ್ಲಿನ ಕತ್ತಿಯಿಂದ ಹೆರೆದು ಹೆರೆದು ಮೈಕಟ್ಟು ತರುತ್ತಾರೆ. "ಊರವರು ಸತ್ತಮೇಲೆ ಮಣ್ಣು ಮಾಡ್ತಾರೆ, ನಾವು ಹುಟ್ಟೋಕೆ ಮುಂಚೆ ಮಾಡ್ತೀವಿ," ಎಂದು ಭಾವ ಪ್ರತಿ ಮದುವೆಮನೆಯಲ್ಲೂ ಹೇಳುತ್ತಿದ್ದ. ಅಕ್ಕ ಪ್ರತಿ ಸಲವೂ ಅವನ ಪಕ್ಕೆಗೆ ತಿವಿಯುತ್ತಿದ್ದಳು.

ಮಾಡುವುದೂ ಅರ್ಧವನ್ನಷ್ಟೇ. ಮೂತಿಯಿಂದ ಬಾಲದವರೆಗೆ ನಟ್ಟನಡುವೆ ಸೀಳಿಟ್ಟಂಥ ಕಾರು. ಒಪ್ಪಿಗೆಯಾದ ಮೇಲೆ ಇನ್ನರ್ಧವನ್ನು ಯಂತ್ರ ಕೊರೆದುಕೊಡುತ್ತದೆ. ಹಾಗಾಗಿ 'ನಾಳೆ'ಗೆ ಇದ್ದದ್ದು ಒಂದು ಪಕ್ಕೆ, ಅರ್ಧ ಮೂತಿ, ಒಂದು ದೀಪ.

ಒಂದೇ ದೀಪ.

"ಆಯಮ್ಮ, ಎಷ್ಟು ಕಣ್ಣು ಅಂದ್ರಿ?"

"ಎರಡು. ಕಾರಿಗೆ ಇನ್ನೆಷ್ಟಿರುತ್ತೆ?"

"ಈಗ ಎಣಿಸಿ."

ಆಯಮ್ಮ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. "ಅಯ್ಯೋ! ಇನ್ನೊಂದನ್ನ ಯಾರು ಕಿತ್ಕೊಂಡು ಹೋದ್ರು? ಅಣ್ಣಾ, ನಾನು ಮುಟ್ಟಿಲ್ಲ."

"ಯಾರೂ ಕಿತ್ತಿಲ್ಲ. ಇರಲೇ ಇಲ್ಲ."

ಕಾರಿನ ಸೀಳಿದ ಬದಿಯಿಂದ ನಾಲ್ಕು ಹೆಜ್ಜೆಯಾಚೆ, ಗೋಡೆಯುದ್ದಕ್ಕೂ ಒಂದು ದೊಡ್ಡ ಚೌಕಟ್ಟು ಮುಸುಕು ಹೊದ್ದು ನಿಂತಿತ್ತು. ಮೂರು ದಿನದಿಂದ ಈ ಕೋಣೆಯಲ್ಲಿ ಓಡಾಡಿದ್ದ ನೆಗ್ಗಣ್ಣ ಅದನ್ನು ಯಾವುದೋ ಹಲಗೆ ಎಂದುಕೊಂಡಿದ್ದ. ಈಗ ಮುಸುಕು ಎಳೆದ. ಎದುರಿಗೆ ತಾನೇ ಕಂಡ: ನಿದ್ದೆಗೆಟ್ಟ ಮುಖ, ಒಂಬತ್ತು ದಿನದ ಗಡ್ಡ.

ಕನ್ನಡಿ. ಕೆಳಗೆ ಗಾಲಿಗಳು.

ಅದನ್ನು ತಳ್ಳಿಕೊಂಡು ಬಂದು ಕಾರಿನ ಸೀಳಿದ ಬದಿಗೆ ಆನಿಸಿದ. ಅರ್ಧ ಕಾರು ಕಣ್ಣೆದುರೇ ಇಡೀ ಕಾರಾಯಿತು. ಎರಡು ಪಕ್ಕೆ, ಪೂರ್ತಿ ಮೂತಿ, ಎರಡು ದೀಪ.

"ನೀವು ಹೊರಗೆ ಹೋಗಿ ಅವತ್ತಿನ ಹಾಗೇ ಇಣುಕಿ," ಎಂದು ಆಯಮ್ಮನನ್ನು ಕಳುಹಿಸಿ, ಗೋಡೆಯಿಂದ ಒಂದು ಹಲ್ಲಿನ ಕತ್ತಿ ತೆಗೆದುಕೊಂಡು ಮುಂಚಕ್ರದ ಪಕ್ಕ ನಿಂತ. ಅಲ್ಲಿ ನಿಂತವರು ಬಾಗಿಲಿಗೆ ಕಾಣುವುದಿಲ್ಲ, ಮಣ್ಣಿನ ಒಲೆ ಅಡ್ಡ. ಕಾಣುವುದು ಕನ್ನಡಿಯೊಳಗಿನ ಅವರ ಬಿಂಬ ಮಾತ್ರ, ಕಾರಿನ ಆಚೆ ಕಡೆ ನಿಂತಂತೆ.

ಬಲಗೈ ಎತ್ತಿದ.

"ಇದೇ! ಹೀಗೇ ನಿಂತಿದ್ರು!" ಬಾಗಿಲಾಚೆಯಿಂದ ಆಯಮ್ಮ ಕಿರುಚಿದಳು. "ಎಡಗೈ!"

ನೆಗ್ಗಣ್ಣ ಕತ್ತಿ ಕೆಳಗಿಳಿಸಿದ. ಒಂಬತ್ತು ದಿನದಲ್ಲಿ ಮೊದಲ ಸಲ ಉಸಿರು ಹೊಟ್ಟೆಯವರೆಗೆ ಇಳಿಯಿತು. ಪೊಲೀಸರು ಬಂದಾಗ ಕನ್ನಡಿ ಗೋಡೆ ಸೇರಿ ಮುಸುಕು ಹೊದ್ದಿತ್ತು. 'ಕಾರಿನ ಆಚೆ' ಎಂದರೆ ಗೋಡೆಗೂ ಕಾರಿಗೂ ನಡುವಿನ ಖಾಲಿ ಜಾಗ ಎಂದು ಬರೆದುಕೊಂಡು ಹೋಗಿದ್ದರು. ಎಡವಟ್ಟಾಗಿದ್ದು ಅಲ್ಲೇ.

ಕನ್ನಡಿಯನ್ನು ಮತ್ತೆ ಗೋಡೆಗೆ ತಳ್ಳಿದ್ದು ಯಾರು? ಭಾವ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ನೋಡಿದ್ದು ಮುಗಿದ ಕ್ಷಣವೇ ಕನ್ನಡಿಯನ್ನು ಗೋಡೆಗೆ ತಳ್ಳಿ ಮುಸುಕೆಳೆಯಬೇಕು; ಸದಾ ಎದುರಿಗಿದ್ದರೆ ಕಣ್ಣು ಒಗ್ಗಿಹೋಗಿ ಕಾರಿನ ತಪ್ಪು ಕಾಣಿಸುವುದಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲು ಕಲಿಸುವ ಪಾಠವೇ ಅದು. ಚಪ್ಪಲಿ ಬಿಟ್ಟು ಒಳಗೆ ಹೋದಷ್ಟು ಸಲೀಸಾಗಿ ಕೈ ತಾನೇ ಮಾಡಿಬಿಡುತ್ತದೆ. ಕಾಲಬುಡದಲ್ಲಿ ಮನುಷ್ಯ ಬಿದ್ದಿದ್ದರೂ.

ಅಂದರೆ ಕೊಂದವರು ಸ್ಟುಡಿಯೋದವರು. ಬಲಗೈಯವರು.

ಇನ್ಸ್‌ಪೆಕ್ಟರಿಗೆ ಫೋನು ಮಾಡಿದ. "ಮೂರಕ್ಕೆ ಬರ್ತೀನಿ, ಮೂರೂ ಹತ್ತಕ್ಕೆ ಹೋಗ್ತೀನಿ," ಎಂದಿತು ಆ ಕಡೆಯ ದನಿ. "ಕನ್ನಡಿ ತೋರಿಸಿ ಕಣ್ಣು ಕಟ್ಟೋ ಕೆಲಸ ಬೇಡ, ನೆಗ್ಗಣ್ಣ. ಆ ಹಲ್ಲಿನ ಕತ್ತಿ ನಿಮ್ಮ ಭಾವಂದೇ."

"ಅದು ಗೋಡೆ ಮೇಲೆ ನೇತಾಡ್ತಿತ್ತು ಸಾರ್. ಯಾರ ಕೈಗಾದ್ರೂ ಎಟುಕುತ್ತೆ."

"ಹಾಗಾದ್ರೆ ಯಾರ ಕೈ ಅಂತ ತೋರಿಸಿ. ಬರೀ ನಿಮ್ಮ ಭಾವ ಅಲ್ಲ ಅಂದ್ರೆ ನನಗೆ ಸಾಲದು."

ಗಡಿಯಾರದಲ್ಲಿ ಎರಡೂವರೆ.

ನೆಗ್ಗಣ್ಣನಿಗೆ ಒಂದು ಕೈಯ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಮಹಡಿಯ ಕಂಪ್ಯೂಟರ್ ವಿಭಾಗದ ಯಜಮಾನ, ಪರದೆ ಮೇಷ್ಟ್ರು. ಕಾರಿನ ಮೈಯನ್ನು ಪರದೆಯ ಮೇಲೆ ಬಿಡಿಸಿ, ಮಣ್ಣಿನವರ ಕೆಲಸಕ್ಕೆ ಮಣ್ಣು ಹಾಕಲು ಬಂದವರೆಂದು ಕೆಳಗಿನವರೆಲ್ಲ ಬೈಯುತ್ತಿದ್ದ ಮನುಷ್ಯ. ಗೆರೆರಾಯನಿಗೂ ಅವರಿಗೂ ಊಟದ ಹಾಲಿನಲ್ಲಿ ದನಿಯೇರಿ ಜಗಳವಾಗಿದ್ದನ್ನು ಹತ್ತು ಜನ ಕೇಳಿದ್ದರು.

ಕರೆದ ಕೂಡಲೇ ಬಂದರು. ಉದ್ದನೆಯ, ಬಾಗಿದ ಆಳು. ಕನ್ನಡಕ ಹಣೆಯ ಮೇಲೆ, ಕಣ್ಣು ಕೆಂಪು.

"ಇಲ್ಲಿ ನಿಲ್ಲಿ, ಮೇಷ್ಟ್ರೇ. ಈ ಕತ್ತಿ ಹಿಡೀರಿ. ಯಾವ ಕೈಲಿ ಬರೀತೀರೋ ಆ ಕೈಲಿ."

ಬಲಗೈಯಲ್ಲಿ ಹಿಡಿದರು. ಹಿಡಿಯಲು ಬರದವರಂತೆ, ಬಾಚಣಿಗೆಯ ಹಾಗೆ. "ಇದೆಂಥ ಆಟ ರೀ?"

ನೆಗ್ಗಣ್ಣ ಅವರ ಬೆನ್ನ ಹಿಂದೆ ಹೋದ. ಗೆರೆರಾಯನ ದನಿಯನ್ನು ಅವನು ಕೇಳಿದ್ದು ಭಾವನ ಫೋನಿನಲ್ಲಿದ್ದ ಒಂದು ವಿಡಿಯೊದಲ್ಲಿ ಮಾತ್ರ. ಅಷ್ಟು ಸಾಕಾಗಿತ್ತು.

"ಗೆರೆ ಅಂದ್ರೆ ಉಸಿರಾಡ್ಬೇಕು ಕಣ್ರೀ, ಮೇಷ್ಟ್ರೇ," ಎಂದ, ಸತ್ತವನ ಗೊಗ್ಗರು ಗಂಟಲಿನಲ್ಲಿ. "ನಿಮ್ಮ ಪರದೆ ಮೇಲಿನ ಗೆರೆ ಇದೆಯಲ್ಲ, ಅದಕ್ಕೆ ಹೆಣದ ಇಸಿಜಿ ಅಂತಾರೆ."

ಮೇಷ್ಟ್ರು ಗಕ್ಕನೆ ತಿರುಗಿದರು. ಮುಖ ಸುಣ್ಣದಂತಾಗಿತ್ತು.

"ಬೇಡ ರೀ. ಆ ದನಿ ಬೇಡ."

"ಅವತ್ತು ಮಧ್ಯಾಹ್ನ ನೀವು ಈ ಕೋಣೆಗೆ ಬಂದಿದ್ರಿ."

"ಬಂದಿದ್ದೆ."

ಇಷ್ಟು ಸುಲಭದಲ್ಲಿ ಬರುತ್ತದೆಂದು ನೆಗ್ಗಣ್ಣ ನಿರೀಕ್ಷಿಸಿರಲಿಲ್ಲ.

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ. ಒಂದು ಗಂಟೆಗೆ ಬಂದೆ. ಯಾರೂ ಇರಲಿಲ್ಲ. ಕಾರಿನ ಮೈ ಮೇಲೆ ಕೈಯಾಡಿಸಿದೆ, ವಾಪಸ್ ಹೋದೆ. ಎರಡು ನಿಮಿಷ, ಅಷ್ಟೇ."

"ಕೈಯಾಡಿಸೋಕೆ ಮಹಡಿ ಇಳಿದು ಬಂದ್ರಾ?"

ಮೇಷ್ಟ್ರು ಪೀಠದ ಅಂಚಿನಲ್ಲಿ ಕುಸಿದು ಕೂತರು. ಕತ್ತಿ ತೊಡೆಯ ಮೇಲಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಳಲಾಗದಂಥ ಸದ್ದೊಂದು ಅವರ ಗಂಟಲಿನಿಂದ ಬಂತು.

"ಹದಿನಾರು ವರ್ಷ ಕಾರು ಬಿಡಿಸಿದೀನಿ, ನೆಗ್ಗಣ್ಣನೋರೇ. ಒಂದನ್ನೂ ಮುಟ್ಟಿಲ್ಲ. ಮುಟ್ಟಿ ನೋಡೋಣ ಅನ್ನಿಸ್ತು, ಕೊನೇ ಸಲ. ನಿಮ್ಮ ಭಾವ ಚಕ್ರದ ಮೇಲೆ ಒಂದು ಉಬ್ಬು ತಂದಿದಾರಲ್ಲ, ಮಗು ಭುಜದ ಹಾಗೆ... ಅದು ನನ್ನ ಪರದೆಯಲ್ಲಿರಲಿಲ್ಲ. ಅದನ್ನ ಅವರ ಅಂಗೈ ಮಾಡಿದ್ದು."

"ಕೊನೇ ಸಲ ಯಾಕೆ?"

"ನಾನೂ ಹೋಗ್ತಾ ಇದೀನಿ! ಮಣ್ಣಿನೋರನ್ನ ನಾನು ಕಳಿಸ್ತೀನಿ ಅಂತ ನೀವೆಲ್ಲ ಶಾಪ ಹಾಕ್ತಿದ್ರಿ. ಈಗ ನಮ್ಮ ವಿಭಾಗದಲ್ಲಿ ಕಾರನ್ನ ಕಂಪ್ಯೂಟರ್ ತಾನೇ ಬಿಡಿಸುತ್ತೆ. ಗಂಟೆಗೆ ನಾನೂರು. ಒಂದಕ್ಕಿಂತ ಒಂದು ಚೆಂದ, ಒಂದೂ ನೆನಪಲ್ಲಿ ಉಳಿಯಲ್ಲ. ಮಣ್ಣಿನ ಕೋಣೆ, ಹೊಲಿಗೆ ಕೋಣೆ, ನನ್ನ ಕೋಣೆ, ಮೂರನ್ನೂ ಮುಚ್ಚೋ ಕಾಗದಕ್ಕೆ ಗೆರೆರಾಯರು ಅವತ್ತು ಬೆಳಿಗ್ಗೆ ಸಹಿ ಹಾಕಿದ್ರು. ಊಟದ ಹಾಲಲ್ಲಿ ನಾನು ಕೂಗಾಡಿದ್ದು ಅದಕ್ಕೇ. 'ಒಬ್ಬೊಬ್ಬರಿಗೂ ನಾನೇ ಮುಖತಃ ಹೇಳ್ತೀನಿ,' ಅಂತ ಹೇಳಿ ಎದ್ದುಹೋದ್ರು. ಮುಂದೆ ಯಾರಿಗೆ ಹೇಳಿದ್ರೋ, ನನಗೆ ಗೊತ್ತಿಲ್ಲ."

ಸುಳ್ಳು ಹೇಳುವ ಕಾರುಗಳನ್ನು ನೆಗ್ಗಣ್ಣ ಸಾವಿರ ನೋಡಿದ್ದ. ಗೋಡೆಗೆ ಗುದ್ದಿದ್ದೇ ಬೇರೆ, ಬೇಕೆಂದು ಸುತ್ತಿಗೆಯಿಂದ ಹೊಡೆದದ್ದೇ ಬೇರೆ. ಈ ಮನುಷ್ಯ ಒಳಗಿನಿಂದಲೇ ಕುಸಿದಿದ್ದ. ಆದರೂ ನೆಗ್ಗಣ್ಣ ಪಟ್ಟು ಬಿಡಲಿಲ್ಲ. ಬಿಟ್ಟರೆ ನಾಳೆ ಹತ್ತೂವರೆಗೆ ಕೈ ಬರಿದು.

"ಎದ್ದು ನಿಲ್ಲಿ. ಕೈ ಎತ್ತಿ. ಆಯಮ್ಮಾ, ನೋಡಿ ಹೇಳಿ!"

ಗುಂಡುಗಾಜಲ್ಲಿ ಆಯಮ್ಮನ ಮುಖ ಮೂಡಿತು. ಆಮೇಲೆ ಅವಳು ಒಳಗೆ ಬಂದು ನೆಗ್ಗಣ್ಣನನ್ನು ಪಕ್ಕಕ್ಕೆ ಕರೆದಳು.

"ಇವರಲ್ಲ ಅಣ್ಣಾ."

"ಮಾಸ್ಕು ಹಾಕಿತ್ತು ಅಂದ್ರಿ. ಹೇಗೆ ಗೊತ್ತು?"

"ಕನ್ನಡೀಲಿ ಹಿಂದಿನ ಗೋಡೆ ಕಾಣುತ್ತಲ್ಲ, ಹತ್ಯಾರುಗಳನ್ನ ಮೂರು ಸಾಲು ತೂಗುಹಾಕಿರೋದು. ದಿನಾ ಒರೆಸೋಳು ನಾನು, ಒಂದೊಂದೂ ಗೊತ್ತು. ಇವರ ತಲೆ ಎಲ್ಲಕ್ಕೂ ಮೇಲಿನ ಸಾಲನ್ನ ಮುಚ್ಚಿಬಿಡ್ತು. ಅವತ್ತಿನವರ ಟೋಪಿ ನಡುವಿನ ಸಾಲಿಗೂ ಮುಟ್ಟಿರಲಿಲ್ಲ. ಕುಳ್ಳಗಿದ್ರು."

ಕುಳ್ಳಗೆ, ಬಲಗೈ, ಸ್ಟುಡಿಯೋದವರು. ನೆಗ್ಗಣ್ಣ ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ಆ ಗೋಡೆಯ ಮುಂದೆ ನಿಲ್ಲಿಸುತ್ತ ಹೋದ. ಮಣ್ಣಿನವರೆಲ್ಲ ಎತ್ತರದ ಆಳುಗಳು. ಕಾರಿನ ನೆತ್ತಿಗೆ ಕೈ ಎಟುಕಲೆಂದು ಗೆರೆರಾಯ ಆರಿಸುತ್ತಿದ್ದುದೇ ಹಾಗೆ. ಭಾವನೂ ಎತ್ತರ. ಇನ್ಸ್‌ಪೆಕ್ಟರು ಬರಲು ಹನ್ನೆರಡು ನಿಮಿಷ.

"ನೀವು ಬಾಗಿಲ ಹತ್ರಾನೇ ಇರಿ, ಆಯಮ್ಮ. ಸಾಹೇಬ್ರು ಬಂದ ಕೂಡಲೇ ಒಳಗೆ ಕರೀರಿ."

ಅವಳು ಹೊರಗೆ ಹೋದಳು. ಒಳಬಾಗಿಲು ತೆರೆಯಿತು.

ಪಕ್ಕದ ಹೊಲಿಗೆ ಕೋಣೆಯಿಂದ ಅಕ್ಕ ಬಂದಳು. 'ನಾಳೆ'ಯ ಸೀಟುಗಳನ್ನು ಹೊಲಿಯುವವಳು ಅವಳೇ. ಗಂಡ ಒಳಗಿದ್ದರೇನು, ಮೇಳದ ದಿನ ಮುಂದೆ ಹೋಗುವುದಿಲ್ಲ, ರಜೆ ಕೊಟ್ಟಿರಲಿಲ್ಲ. ಸೀರೆಯ ಮೇಲೆಲ್ಲ ದಾರದ ಚೂರು. ಬಂದವಳು ಮುಂಚಕ್ರದ ಪಕ್ಕ ನಿಂತು ಕಾರಿಗೆ ಕೈ ಊರಿದಳು.

"ಪುಟ್ಟಾ. ವಕೀಲರ ಫೋನು. ಒಪ್ಕೊಂಡುಬಿಟ್ರಂತೆ ಕಣೋ. 'ನಾನೇ ಹೊಡೆದೆ' ಅಂತ ಬರೆದು ರುಜು ಹಾಕಿದಾರಂತೆ."

"ಭಾವನಾ? ಹುಚ್ಚಾ ಅವರಿಗೆ? ಅಕ್ಕಾ, ಕೇಳು. ಭಾವ ಹೊಡೆದೇ ಇಲ್ಲ. ರುಜುವಾತು ಸಿಕ್ಕಿದೆ. ಆಯಮ್ಮ ನೋಡಿದ್ದು ಮನುಷ್ಯನನ್ನಲ್ಲ, ಕನ್ನಡಿ ಒಳಗಿನ ಬಿಂಬ. ಹೊಡೆದೋರು ಬಲಗೈಯವರು!"

ಅವಳು ಕುಣಿದಾಡಬೇಕಿತ್ತು, ಅಳಬೇಕಿತ್ತು, ತಮ್ಮನ ಕೆನ್ನೆ ಹಿಂಡಬೇಕಿತ್ತು. ಒಂಬತ್ತು ದಿನದಿಂದ ಅವಳು ಬೇಡಿಕೊಂಡದ್ದು ಇದನ್ನೇ ತಾನೆ? "ಅವರು ಮಾಡಿಲ್ಲ, ನನಗೆ ಗೊತ್ತು" ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದವಳು ಅವಳೇ ತಾನೆ?

"ಕನ್ನಡೀನಾ?" ಎಂದಳು ಅಷ್ಟೇ.

ಹಣೆಯ ಬೆವರು ಒರೆಸಲು ಬಲಗೈ ಎತ್ತಿದಳು. ಆಮೇಲೆ, ಕಣ್ಣು ಇನ್ನೂ ತಮ್ಮನ ಮುಖದ ಮೇಲಿರುವಾಗಲೇ, ಕಾರನ್ನು ಬಳಸಿ ಹೋಗಿ ಕನ್ನಡಿಯ ಚೌಕಟ್ಟಿಗೆ ಸೊಂಟ ಕೊಟ್ಟು ಗೋಡೆಗೆ ತಳ್ಳಿದಳು. ಕೈ ತಾನಾಗಿಯೇ ಮುಸುಕು ಎಳೆಯಿತು. ಮುಸುಕಿನ ತುದಿಯನ್ನು ಎರಡು ಬೆರಳಿನಿಂದ ಒಮ್ಮೆ ಸರಿಮಾಡಿತು.

ನೆಗ್ಗಣ್ಣ ಆ ಬೆರಳುಗಳನ್ನು ನೋಡುತ್ತ ನಿಂತ. ಚಿಕ್ಕವನಿದ್ದಾಗ ಅವನಿಗೆ ತುತ್ತು ಮಾಡಿ ತಿನ್ನಿಸಿದ ಬೆರಳುಗಳು.

"ಅಕ್ಕಾ," ಎಂದ. "ಗೆರೆರಾಯರು ಅವತ್ತು ನಿನಗೇನು ಹೇಳಿದ್ರು?"

ಅಕ್ಕ ಮುಸುಕಿನಿಂದ ಕೈ ತೆಗೆದಳು. ಅವಳ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಭಯವೂ ಇರಲಿಲ್ಲ. ಬಸ್ಸು ಕೊನೆಗೂ ಬಂತಲ್ಲ ಎನ್ನುವವರ ದಣಿವೊಂದೇ ಇತ್ತು.

"ನೀನು ಹುಡುಕದೇ ಇರಬೇಕಿತ್ತು ಪುಟ್ಟಾ," ಎಂದಳು. "ಎಲ್ಲ ಗೊತ್ತಿದ್ದೇ ನಿನ್ನ ಭಾವ ಬೇಡ ಅಂದಿದ್ದು. ನಾನು ಬೇಡ ಅನ್ನೋಕಾಗಲಿಲ್ಲ. ಗಂಡ ಒಳಗಿರೋವಾಗ ಹೇಗೆ ಬೇಡ ಅನ್ಲಿ?"

ಪೀಠದ ಅಂಚಿನಲ್ಲಿ ಮೇಷ್ಟ್ರು ಮತ್ತೆ ಕುಸಿದು ಕೂತಿದ್ದರು. ಮುಖ ಒಂದು ಅಂಗೈಯಲ್ಲಿ ಹುದುಗಿತ್ತು, ಕತ್ತಿ ಇನ್ನೂ ಬಲಗೈಯಲ್ಲೇ ಇತ್ತು. ಅವರಿಗೆ ಏನೂ ಕೇಳಿಸಿರಲಿಲ್ಲ, ಅಥವಾ ಏನೂ ಬೇಕಾಗಿರಲಿಲ್ಲ.

ಬಾಗಿಲು ಒಂದು ಗೇಣು ತೆರೆಯಿತು. ಆಯಮ್ಮನ ದನಿ ಈ ಸಲ ತೀರ ಸಣ್ಣದಾಗಿತ್ತು.

"ಅಣ್ಣಾ... ಆಗಲೇ ಚಕ್ರದ ಹತ್ರ ನಿಂತಾಗ ಸಾಲು ಸರಿಯಾಯ್ತು. ಟೋಪಿ ಇದ್ದಿದ್ರೆ, ನಡುವಿನ ಸಾಲಿನ ಕೆಳಗೆ." ಅವಳು ಅಕ್ಕನ ಕಡೆ ನೋಡಲಿಲ್ಲ. "ನಾನೇನು ಹೇಳ್ಲಿ ಅವರಿಗೆ? ಹೊರಗಿನ ಮೆಟ್ಟಿಲು ಹತ್ತಿ ಬರ್ತಿದಾರೆ."

ಬೂಟಿನ ಸದ್ದು ನಿಜಕ್ಕೂ ಬರುತ್ತಿತ್ತು. ತಾನೇ ಫೋನು ಮಾಡಿ ಕರೆದದ್ದು. ಸುಮ್ಮನಿದ್ದರೆ ಭಾವ. ಬಾಯಿ ಬಿಟ್ಟರೆ ಅಕ್ಕ. ಎರಡರಲ್ಲಿ ಯಾವುದನ್ನು ಆರಿಸಿದರೂ ಆ ಮನೆಯ ಅರ್ಧವೇ ಉಳಿಯುವುದು, ಮತ್ತೆ ಇನ್ನರ್ಧವನ್ನು ಕೊರೆದುಕೊಡುವ ಯಂತ್ರ ಎಲ್ಲೂ ಇಲ್ಲ.

ಇನ್ಸ್‌ಪೆಕ್ಟರು ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಬಂದರು. ಹಿಂದೆ ಇಬ್ಬರು ಪೇದೆಗಳು. ಅವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ, ಪೀಠದ ಮೇಲೆ ಕೂತ ಉದ್ದನೆಯ ಮನುಷ್ಯನ ಮೇಲೆ, ಅವನ ತೊಡೆಯ ಮೇಲೆ ಬಲಗೈ ಹಿಡಿದಿದ್ದ ಹಲ್ಲಿನ ಕತ್ತಿಯ ಮೇಲೆ ನಿಂತಿತು.

"ಓಹೋ. ನಿಮ್ಮ ಭಾವ ಬರೆದುಕೊಟ್ಟಿದ್ದು ಸುಳ್ಳಾ ಹಾಗಾದ್ರೆ? ಮೇಷ್ಟ್ರಾ?"

ಮೇಷ್ಟ್ರು ತಲೆಯೆತ್ತಿದರು. "ನಾನು ಬಂದಿದ್ದು ನಿಜ ಸಾರ್," ಎಂದರು, ಯಾರೂ ಕೇಳದೆಯೇ. "ಮುಟ್ಟಿದ್ದೂ ನಿಜ."

"ನೆಗ್ಗಣ್ಣ, ನೀವು ಹೇಳಿದ ಬಲಗೈ ಇದೇನಾ?"

ನೆಗ್ಗಣ್ಣ ಮುಸುಕಿನ ಕಡೆ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸುಳ್ಳು ನೆಗ್ಗಿಗೂ ಅವನು ಸಹಿ ಹಾಕಿರಲಿಲ್ಲ.

ಇನ್ಸ್‌ಪೆಕ್ಟರು ಕಾಯಲಿಲ್ಲ, ಆಯಮ್ಮನ ಕಡೆ ತಿರುಗಿದರು. "ನೋಡಿದೋಳು ನೀನು ತಾನೆ? ಹೇಳಮ್ಮ. ಅವತ್ತು ನೀನು ಕಂಡಿದ್ದು ಇವರನ್ನೇನಾ?"

ಆಯಮ್ಮ ಮೇಷ್ಟ್ರನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಗ್ಗಣ್ಣನ ಮುಖವನ್ನೇ ನೋಡಿದಳು, ಏನು ಹೇಳಬೇಕೋ ಅದನ್ನು ಅಲ್ಲಿಂದ ಓದಿಕೊಳ್ಳುವವಳಂತೆ.

ನೆಗ್ಗಣ್ಣ ಹೌದೆಂದು ತಲೆಯಾಡಿಸಿದ.